ಲೆನ್ ಹಾಲ್‌ಶಾನ ಹೆಂಡತಿ

ಹಾಸ್ಯಗಾರ ಲೆನ್ ಹಾಲ್‌ಶಾ ಸತ್ತು ಮೂವತ್ತು ವರ್ಷವಾದ ಮೇಲೆ ಅವನ ಮುಖ ಕಡಲ ತೀರದ ಊರು ಬ್ಲ್ಯಾಕ್‌ಪೂಲಿನ ಗೋಡೆಗಳ ಮೇಲೆ ಮತ್ತೆ ಕಾಣಿಸಿಕೊಂಡಿತು. ಮುಖ ಅವನದಲ್ಲ, ಅವನ ವೇಷ ಹಾಕಿದ ನಟನದು. ಆದರೂ ಓರೆಯಾಗಿ ಇಟ್ಟ ಟೋಪಿ, ಕಿವಿಯ ಹಿಂದೆ ಬಟ್ಟಲಿನ ಹಾಗೆ ಹಿಡಿದ ಕೈ ನೋಡಿದರೆ ಸಾಕು, ಐವತ್ತು ದಾಟಿದ ಯಾರಿಗಾದರೂ ಗುರುತು ಸಿಗುತ್ತಿತ್ತು. ಹಳೆಯ ಕಾಲದ ಮೂವರು ಹಾಸ್ಯಗಾರರು ಒಂದು ಸಂಜೆ ಒಂದೇ ಮೇಕಪ್ ಕೋಣೆಯಲ್ಲಿ ಸೇರಿ, ನಕ್ಕು ನಗಿಸಿ, ಹೋದ ದಿನಗಳನ್ನು ನೆನೆಯುವ ನಾಟಕ ಅದು. ಕಡಲ ರಸ್ತೆಯ ಥಿಯೇಟರಿನಲ್ಲಿ ಜೂನ್ ತಿಂಗಳಿಗೆ ಬರುವುದಿತ್ತು.

ಲೆನ್‌ನ ಮಗ ಟ್ರೆವರ್ ಒಂದು ಪೋಸ್ಟರನ್ನು ಸುರುಳಿ ಸುತ್ತಿ ಮನೆಗೇ ತಂದ. ಅಡುಗೆಮನೆಯ ಮೇಜಿನ ಮೇಲೆ ಬೆಣ್ಣೆ ತಟ್ಟೆ, ಸಾಸ್ ಬಾಟಲಿಗಳನ್ನು ಪಕ್ಕಕ್ಕೆ ಸರಿಸಿ ಹರವಿದ.

"ಅಮ್ಮ, ನೋಡಿಲ್ಲಿ! ಅಪ್ಪ!"

ಹಿಲ್ಡಾ ತಟ್ಟೆ ಒರೆಸುತ್ತಿದ್ದಳು. ಎಂಬತ್ತೆರಡು ವರ್ಷ, ಸಣ್ಣ ದೇಹ. ಎಡಗಿವಿ ಪೂರ್ತಿ ಕಿವುಡು. ಅವಳು ಕತ್ತು ತಿರುಗಿಸಿ ಪೋಸ್ಟರ್ ನೋಡಿದಳು.

"ಟೋಪಿ ದೊಡ್ಡದಾಯ್ತು," ಅಂದಳು.

"ಅಷ್ಟೇನಾ? ಇಡೀ ಇಂಗ್ಲೆಂಡ್ ಸುತ್ತೋ ನಾಟಕ ಕಣಮ್ಮ. ಮೊದಲನೇ ಷೋ ನಮ್ಮೂರಲ್ಲೇ. ನಾಟಕ ಮುಗಿದ ಮೇಲೆ ನಿನ್ನನ್ನ ಸ್ಟೇಜ್ ಮೇಲೆ ಕರೀತಾರಂತೆ."

"ನಾನು ಬರಲ್ಲ."

"ಲೆನ್ ಹಾಲ್‌ಶಾನ ಹೆಂಡತಿನೇ ಬರದಿದ್ರೆ ಹೇಗೆ?"

"ನೀನು ಹೋಗು. ನೀನು ಅವನ ಮಗ ತಾನೇ."

ಟ್ರೆವರ್ ನಕ್ಕ. ಅವನು ಎಲ್ಲದಕ್ಕೂ ನಗುತ್ತಿದ್ದ. ಐವತ್ತೆಂಟು ವರ್ಷದ ಗಂಡಸು, ಎತ್ತರದ ಆಳು. ಟ್ರ್ಯಾಮ್ ಓಡಿಸುತ್ತಿದ್ದವನು ಬೆನ್ನುನೋವೆಂದು ಕೆಲಸ ಬಿಟ್ಟು, ಹೆಂಡತಿ ಲೊರೇನ್ ನಡೆಸುತ್ತಿದ್ದ ವಸತಿಗೃಹದಲ್ಲೇ ಕೈಜೋಡಿಸಿದ್ದ. ವಸತಿಗೃಹವೆಂದರೆ ಬೇರೇನಲ್ಲ, ಅವರು ವಾಸವಿದ್ದ ಮನೆಯೇ. ಮೇಲಿನ ಕೋಣೆಗಳು ಬಂದುಹೋಗುವವರಿಗೆ, ಹಿಂದಿನ ಭಾಗ ಮನೆಯವರಿಗೆ. ಬೆಳಗ್ಗೆ ಟ್ರೆವರ್ ಬೇಕನ್, ಮೊಟ್ಟೆ, ಸಾಸೇಜ್ ಹುರಿದು ಬಡಿಸುತ್ತಿದ್ದ. ಬಡಿಸುವಾಗ ಅಪ್ಪನ ದನಿಯಲ್ಲಿ ಒಂದೆರಡು ಜೋಕು ಹೇಳುತ್ತಿದ್ದ. ಊಟದ ಕೋಣೆಯ ಗೋಡೆ ತುಂಬ ಲೆನ್‌ನ ಫೋಟೋಗಳು. ಅವುಗಳನ್ನು ನೋಡಲೆಂದೇ ವರ್ಷವರ್ಷ ಬರುವ ಮುದುಕ ಮುದುಕಿಯರಿದ್ದರು.

ಲೊರೇನ್ ಒಗೆದ ಹೊದಿಕೆಗಳ ಬುಟ್ಟಿ ಹೊತ್ತುಕೊಂಡು ಒಳಗೆ ಬಂದವಳು, "ಬರಲ್ಲ ಅಂದ್ರಲ್ಲ, ಬಿಡು," ಅಂದಳು. "ಆ ಪೋಸ್ಟರ್ ತೆಗಿ. ಅದರ ಮೇಲೆ ಬೆಣ್ಣೆ ಮೆತ್ಕೊಳ್ತಿದೆ."

ಮುಂದಿನ ವಾರ ಆ ನಟನೇ ಚಹಾಕ್ಕೆ ಬಂದ. ರೋರಿ ಟಿಂಡಲ್ ಅಂತ ಹೆಸರು. ನಾಟಕ ಬರೆದವನೂ ಅವನೇ, ತಂಡದ ಯಜಮಾನನೂ ಅವನೇ. ಮೃದು ಮಾತಿನ, ಸೌಜನ್ಯದ ಮನುಷ್ಯ. ಕೈಯಲ್ಲಿ ಹೂ ಹಿಡಿದು ಬಂದಿದ್ದ. ಲೊರೇನ್ ಹ್ಯಾಮ್ ಸ್ಯಾಂಡ್‌ವಿಚ್ ಮಾಡಿಟ್ಟಿದ್ದಳು, ಹಣ್ಣಿನ ಕೇಕು ಕೊಯ್ದಿಟ್ಟಿದ್ದಳು. ಮೊಮ್ಮಗಳು ಮೇಗನ್, ದಂತವೈದ್ಯರೊಬ್ಬರ ಹತ್ತಿರ ಕೆಲಸ ಮಾಡುವವಳು, ಅಂದು ಬೇಗ ಬಂದು ಕೂತಿದ್ದಳು. ಅವಳು ಹುಟ್ಟುವ ಮೊದಲೇ ತಾತ ಸತ್ತಿದ್ದ. ಅವನ ಹಳೆಯ ಟೀವಿ ಕಾರ್ಯಕ್ರಮಗಳನ್ನು ನೋಡಿಯೇ ಅವಳು ಬೆಳೆದದ್ದು.

"ಅವರು ಮನೇಲಿ ಹೇಗಿದ್ರು?" ರೋರಿ ಹಿಲ್ಡಾಳನ್ನು ಕೇಳಿದ.

"ಊಟ ಹೊತ್ತಿಗೆ ಸರಿಯಾಗಿ ಬೇಕಿತ್ತು."

"ಮನೇಲೂ ನಗಿಸ್ತಿದ್ರಾ?"

"ನಗಬೇಕಿತ್ತು," ಅಂದಳು ಹಿಲ್ಡಾ. ಚಹಾ ಬಗ್ಗಿಸಲು ಎದ್ದಳು.

"ಅಪ್ಪನ್ನ ಒಂದ್ಸಲ ಮಾಡಿ ತೋರ್ಸಿ ರೋರಿ," ಅಂದ ಟ್ರೆವರ್. "ಅಮ್ಮ ನೋಡ್ಲಿ. ಬೇಡ ಅನ್ಬೇಡಿ."

ರೋರಿ ಮೊದಲು ಸಂಕೋಚಪಟ್ಟ. ಆಮೇಲೆ ಎದ್ದು ನಿಂತು ಭುಜ ಇಳಿಸಿದ, ಗದ್ದ ಮುಂದೆ ಚಾಚಿದ, ಹಿಲ್ಡಾಳ ಬಲಗಡೆಗೆ ಬಂದು, "ಹಿಲ್ಡಾ!" ಎಂದು ಕೂಗಿದ.

ದನಿ ಥೇಟ್ ಅದೇ. ಹಿಲ್ಡಾಳ ಕೈಯಿಂದ ಚಹಾದ ಪಾತ್ರೆ ಮೇಜಿಗೆ ಬಿತ್ತು. ಅವಳ ಎಡಗೈ ತಾನಾಗಿ ಮೇಲೆದ್ದು ತಲೆಗೆ ಅಡ್ಡ ಬಂತು. ಮೊಣಕೈ ಹೊರಕ್ಕೆ, ಮುಖ ಒಳಕ್ಕೆ. ಒಂದು ಗಳಿಗೆ ಹಾಗೇ ಇದ್ದು, ಕೂದಲು ಸರಿಮಾಡಿಕೊಂಡವಳ ಹಾಗೆ ಕೈ ಇಳಿಸಿದಳು.

ಟ್ರೆವರ್ ಚಪ್ಪಾಳೆ ಹೊಡೆಯುತ್ತಿದ್ದ. ಮೇಗನ್ ನಗುತ್ತಿದ್ದಳು. ರೋರಿ ಚೆಲ್ಲಿದ ಚಹಾಕ್ಕೆ ಕ್ಷಮೆ ಕೇಳುತ್ತಿದ್ದ. ಲೊರೇನ್ ಒಬ್ಬಳೇ ಒರೆಸುವ ಬಟ್ಟೆ ಹಿಡಿದುಕೊಂಡು ಅತ್ತೆಯ ಮುಖವನ್ನೇ ನೋಡುತ್ತ ನಿಂತಿದ್ದಳು.

ಮಾರನೆಯ ದಿನ ಅತ್ತೆ ಸೊಸೆ ಇಬ್ಬರೂ ಹಿತ್ತಲ ಬಾಗಿಲಲ್ಲಿ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು. ಲೊರೇನ್ ಬೇಕೆಂದೇ ಹಿಲ್ಡಾಳ ಕೇಳುವ ಕಿವಿಯ ಪಕ್ಕ ಕುರ್ಚಿ ಹಾಕಿಕೊಂಡಿದ್ದಳು.

"ಹಿಲ್ಡಾ, ನಿಮ್ಮ ಆ ಕಿವಿ ಯಾವಾಗಿಂದ ಕೇಳಲ್ಲ?"

"ಟ್ರೆವರ್ ಸ್ಕೂಲಿಗೆ ಸೇರಿದ ಮರುವರ್ಷದಿಂದ."

"ಮಂಗನಬಾವು ಬಂದು ಹೋಯ್ತು ಅಂತಾನೆ ಅವನು."

"ಹಾಗಂತ ನಾನೇ ಹೇಳಿದ್ದು."

ಹಿಲ್ಡಾ ಕೈಯಲ್ಲಿದ್ದ ಗಡ್ಡೆಯ ಕಣ್ಣುಗಳನ್ನು ಒಂದೊಂದಾಗಿ ಕಿತ್ತಳು.

"ಹೊಸ ಜೋಕುಗಳನ್ನ ಮೊದ್ಲು ನನ್ನ ಮುಂದೆ ಹೇಳ್ತಿದ್ದ. ಊಟದ ಮೇಜಲ್ಲಿ. ಹೇಳಿ ನನ್ನ ಮುಖ ನೋಡ್ತಿದ್ದ. ನಾನು ನಕ್ಕರೆ ಇಟ್ಕೊಳ್ತಿದ್ದ. ಒಂದ್ಸಲ ನಗಲಿಲ್ಲ. ಸುಸ್ತಾಗಿತ್ತು ಕಣೇ, ಅಷ್ಟೇ. ಜೋಕು ಕೆಟ್ಟದಾಗೇನೂ ಇರ್ಲಿಲ್ಲ."

"ಹೊಡೆದ್ರಾ?"

"ಅಂಗೈಯಲ್ಲಿ. ಕಿವಿ ಒಳಗೆ ಗಂಟೆ ಬಾರಿಸಿದ ಹಾಗಾಯ್ತು. ಆಮೇಲೆ ಆ ಗಂಟೆನೂ ನಿಂತೋಯ್ತು. ಡಾಕ್ಟರಿಗೆ ಬಿದ್ದೆ ಅಂದೆ. ಮಗುಗೆ ಮಂಗನಬಾವು ಅಂದೆ. ಬೇಸಿಗೆ ಷೋ ಶುರುವಾಗೋ ಹೊತ್ತಿಗೆ ಅವನು ನನ್ನ ಕಿವಿ ಮೇಲೇ ಒಂದು ಆಟ ಕಟ್ಟಿದ್ದ."

ಅದು ಯಾವ ಆಟವೆಂದು ಲೊರೇನ್‌ಗೆ ಹೇಳಬೇಕಾಗಿರಲಿಲ್ಲ. ನಮ್ಮ ಕಡೆ ಅದು ಗೊತ್ತಿಲ್ಲದವರಿಲ್ಲ. ಕಿವುಡಿ ಹೆಂಡತಿಯ ಆಟ, ಗಂಡ ಏನಂದರೂ ಅವಳದು 'ಏನಂದ್ರೀ?' ಒಂದೇ ಉತ್ತರ. ಲೆನ್ ಹಾಲ್‌ಶಾ ಹೆಸರು ಮಾಡಿದ್ದೇ ಅದರಿಂದ.

"ಟೀವಿಯವರು ಕರೆದಿದ್ದು ಅದಕ್ಕೇ. ಈ ಮನೆ ಬಂದಿದ್ದೂ ಅದರಿಂದಾನೇ," ಅಂದಳು ಹಿಲ್ಡಾ.

"ಬಿಟ್ಟು ಹೋಗ್ಬಾರದಾಗಿತ್ತಾ ನೀವು?"

"ಎಲ್ಲಿಗೆ? ಎಲ್ಲಿ ಹೋದ್ರೂ ನನ್ನ ಗುರುತು ಹಿಡಿದು ಜನ 'ಏನಂದ್ರೀ?' ಅಂತಿದ್ರು." ಹಿಲ್ಡಾ ಸಿಪ್ಪೆಯನ್ನೆಲ್ಲ ಒಟ್ಟುಗೂಡಿಸಿದಳು. "ಟ್ರೆವರ್‌ಗೆ ಹೇಳ್ಬೇಡ. ಅಪ್ಪ ಅನ್ನೋದೊಂದೇ ಅವನಿಗೆ ಇರೋದು."

ಲೊರೇನ್ ಹೇಳಲಿಲ್ಲ. ಆದರೆ ಸುಮ್ಮನಿರುವುದೂ ಅವಳಿಂದ ಆಗಲಿಲ್ಲ. ಆ ವಾರವೆಲ್ಲ ಗಂಡನ ಮೇಲೆ ರೇಗಿದಳು.

"ಅವರಿಗೆ ಇಷ್ಟ ಇಲ್ಲ, ಎಳ್ಕೊಂಡು ಹೋಗ್ಬೇಡ."

"ಯಾಕೆ ಇಷ್ಟ ಇಲ್ಲ? ಕಾರಣ ಹೇಳು."

"ವಯಸ್ಸಾಗಿದೆ."

"ಬಿಂಗೋ ಆಡೋಕೆ ಹೋಗೋವಾಗ ವಯಸ್ಸಾಗಿರಲ್ವಾ?" ಟ್ರೆವರ್ ಬಾಣಲೆ ತಿಕ್ಕುತ್ತಿದ್ದ. ತಲೆಯೆತ್ತಲಿಲ್ಲ. "ಎಲ್ಲರೂ ಬರ್ತಿದಾರೆ ಲೊರೇನ್. ಪೇಪರಿನವರು ಬರ್ತಿದಾರೆ. ಒಂದೇ ಒಂದು ಸಂಜೆ. ನಮ್ಮಪ್ಪನಿಗೋಸ್ಕರ ಅಷ್ಟೂ ಮಾಡ್ಬಾರ್ದಾ?"

"ಬಾಣಲೆ ತೊಳೆದಿದ್ದು ಸಾಕು, ತೂತು ಬೀಳತ್ತೆ," ಅಂದಳು ಲೊರೇನ್.

ಕೊನೆಗೆ ಹಿಲ್ಡಾ ತಾನಾಗಿಯೇ ಒಪ್ಪಿದಳು. ಒಂದು ಬೆಳಿಗ್ಗೆ ಟೋಸ್ಟಿಗೆ ಮಾರ್ಮಲೇಡ್ ಸವರುತ್ತ, "ಬರ್ತೀನಿ ಬಿಡು. ನೋಡೇ ಬಿಡೋಣ ಏನ್ಮಾಡ್ತಾರೋ," ಅಂದಳು. ಟ್ರೆವರ್ ಅವಳ ತಲೆಗೆ ಮುತ್ತಿಟ್ಟ. ಅವನು ಹಾಗೆ ಮಾಡದೆ ವರ್ಷಗಳಾಗಿದ್ದವು.

ನಾಟಕದ ದಿನ ಥಿಯೇಟರ್ ತುಂಬಿತ್ತು. ಬಂದವರಲ್ಲಿ ಹೆಚ್ಚಿನವರು ವಯಸ್ಸಾದವರು. ಕೋಲು ಹಿಡಿದವರು, ಗಾಲಿಕುರ್ಚಿಯಲ್ಲಿ ಬಂದವರು, ಹೋದ ಗಂಡನ ಜೊತೆ ಇದೇ ಥಿಯೇಟರಿಗೆ ಬಂದಿದ್ದನ್ನು ಪಕ್ಕದವರಿಗೆ ಹೇಳುತ್ತಿದ್ದ ಹೆಂಗಸರು. ಹಾಲ್‌ಶಾ ಮನೆಯವರಿಗೆ ಮುಂದಿನ ಸಾಲು. ಹಿಲ್ಡಾಳ ಎಡಕ್ಕೆ ಟ್ರೆವರ್, ಬಲಕ್ಕೆ ಲೊರೇನ್, ಅವಳಾಚೆ ಮೇಗನ್.

ನಾಟಕ ಚೆನ್ನಾಗಿತ್ತು. ಅದನ್ನು ಹೇಳಲೇಬೇಕು. ಕನ್ನಡಿಯ ಸುತ್ತ ದೀಪಗಳಿದ್ದ ಒಂದು ಮೇಕಪ್ ಕೋಣೆ, ಮೂರು ಕುರ್ಚಿ, ಮೂವರು ಮುದುಕರು. ಒಬ್ಬನಿಗೆ ಕೈ ನಡುಗುತ್ತದೆ, ಆದರೂ ಹಳೆಯ ಇಸ್ಪೀಟಿನ ಚಮತ್ಕಾರ ಬಿಡುವುದಿಲ್ಲ. ಇನ್ನೊಬ್ಬ ತಾನೇ ಮಾತಾಡಿಸುವ ಬೊಂಬೆಗೆ ಹೆದರುತ್ತಾನೆ. ಬೊಂಬೆ ಅವನನ್ನು ಬೈದಾಗ ಹಿಲ್ಡಾ ಗೊಳ್ಳೆಂದು ನಕ್ಕುಬಿಟ್ಟಳು. ನಕ್ಕಿದ್ದಕ್ಕೆ ತಾನೇ ಬೆರಗಾಗಿ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಳು. ಲೊರೇನ್‌ಗೆ ಎದೆ ಸ್ವಲ್ಪ ಹಗುರಾಯಿತು.

ಆಮೇಲೆ ರೋರಿ ಎದ್ದು ಟೋಪಿ ಓರೆಯಾಗಿ ಇಟ್ಟ. ಇಡೀ ಥಿಯೇಟರ್ ಚಪ್ಪಾಳೆ ಹೊಡೆಯಿತು.

"ನನ್ನ ಹೆಂಡತಿಗೆ ಒಂದು ಕಿವಿ ಕೇಳಲ್ಲ," ಅಂದ ಲೆನ್‌ನ ದನಿಯಲ್ಲಿ. "ದೇವರು ದೊಡ್ಡವನು. ನನ್ನ ಕಡೆ ಇರೋ ಕಿವಿನೇ ಅದು. ಜಗಳ ಆಡ್ಬೇಕಂದ್ರೆ ನಾನೇ ಎದ್ದು ಆ ಕಡೆ ಹೋಗ್ಬೇಕು. ಊಟ ಆದ್ಮೇಲೆ ಅಷ್ಟು ದೂರ ಯಾರು ಹೋಗ್ತಾರೆ? ಅದಕ್ಕೇ ನಮ್ಮದು ಸುಖಸಂಸಾರ."

ಜನ ನಕ್ಕರು.

"ಮೊನ್ನೆ ಹಾಸಿಗೆಯಲ್ಲಿ ಹೇಳ್ದೆ, 'ಹಿಲ್ಡಾ, ನಿನ್ನ ಕಂಡ್ರೆ ನನಗೆ ಪ್ರಾಣ.' ಅವಳೇನಂದ್ಲು ಗೊತ್ತಾ?"

ರೋರಿ ಕೈಯನ್ನು ಕಿವಿಯ ಹಿಂದೆ ಹಿಡಿದ. ಥಿಯೇಟರಿನಲ್ಲಿದ್ದ ಅಷ್ಟೂ ಜನ ತಮ್ಮ ತಮ್ಮ ಕೈ ಕಿವಿಯ ಹಿಂದೆ ಹಿಡಿದು ಒಂದೇ ದನಿಯಲ್ಲಿ ಕೂಗಿದರು:

"ಏನಂದ್ರೀ?"

ಟ್ರೆವರ್ ಎಲ್ಲರಿಗಿಂತ ಜೋರಾಗಿ ಕೂಗಿದ. ಅವನ ಕಣ್ಣಲ್ಲಿ ನೀರು ಬಂದಿತ್ತು. ಹಿಲ್ಡಾ ತೊಡೆಯ ಮೇಲೆ ಕೈಯಿಟ್ಟುಕೊಂಡು ನೇರ ನೋಡುತ್ತಿದ್ದಳು. ಲೊರೇನ್ ಅವಳ ಕೈ ಹಿಡಿದಳು.

ನಾಟಕ ಮುಗಿದು ನಟರು ತಲೆಬಾಗಿದ ಮೇಲೆ ರೋರಿ ಮೈಕ್ ತೆಗೆದುಕೊಂಡ. "ಇವತ್ತು ನಮ್ಮ ಜೊತೆ ಒಬ್ಬ ವಿಶೇಷ ಅತಿಥಿ ಇದಾರೆ," ಅಂದ. ಜನ ಎದ್ದು ನಿಂತರು. ಟ್ರೆವರ್ ಅಮ್ಮನ ತೋಳು ಹಿಡಿದು ಮೆಟ್ಟಿಲ ತನಕ ಕರೆದೊಯ್ದ. ಮೇಲೆ ರೋರಿ ಕೈ ಕೊಟ್ಟು ಹತ್ತಿಸಿಕೊಂಡ. ಅವನ ತಲೆಯ ಮೇಲೆ ಇನ್ನೂ ಲೆನ್‌ನ ಟೋಪಿಯಿತ್ತು. ಜನ ಕೂರುವ ಹಾಗೆ ಕಾಣಲಿಲ್ಲ. ಅವರನ್ನು ಇನ್ನೊಂದು ಸಲ ನಗಿಸೋಣವೆಂದು ರೋರಿ ಹಿಲ್ಡಾಳ ಎಡಗಡೆಗೆ ಹೋಗಿ, ಕಿವಿಯ ಹತ್ತಿರ ಬಾಯಿ ತಂದು ಏನೋ ಪಿಸುಗುಟ್ಟುವ ಹಾಗೆ ತುಟಿ ಆಡಿಸಿದ.

"ಏನಂದ್ರೀ?" ಎಂದು ಥಿಯೇಟರ್ ಕೂಗಿತು.

ರೋರಿ ಮೈಕನ್ನು ಹಿಲ್ಡಾಳ ಬಾಯಿಯ ಮುಂದೆ ಹಿಡಿದ.

ಹಿಲ್ಡಾ ಜನರನ್ನು ನೋಡಿದಳು. ಅವಳ ದನಿ ಮೆಲ್ಲಗಿತ್ತು, ಆದರೆ ಕೊನೆಯ ಸಾಲಿಗೂ ಕೇಳಿಸಿತು.

"ಈ ಕಿವಿ ಹುಟ್ಟಿನಿಂದ ಸರಿಯಾಗೇ ಇತ್ತು. ಅವನ ಜೋಕಿಗೆ ನಾನು ನಗಲಿಲ್ಲ ಅಂತ ಒಂದು ಬಾರಿಸಿದ. ಅವತ್ತಿಂದ ಕೇಳಲ್ಲ."

ಆಮೇಲೆ ನಗು ಎದ್ದಿತು. ಆ ಸಂಜೆಯೆಲ್ಲ ಅಂಥ ನಗು ಕೇಳಿರಲಿಲ್ಲ. ಜನ ಮುಂದಿನ ಕುರ್ಚಿಗಳ ಬೆನ್ನು ಹಿಡಿದುಕೊಂಡು ನಕ್ಕರು. ಬಾಲ್ಕನಿಯಲ್ಲಿ ಯಾರೋ ಕಾಲು ಬಡಿದರು. ಟ್ರೆವರ್ ಮೆಟ್ಟಿಲ ಬುಡದಲ್ಲಿ ನಿಂತು ನಗುತ್ತ ಚಪ್ಪಾಳೆ ತಟ್ಟುತ್ತಿದ್ದ. ರೋರಿಯ ಮುಖದಲ್ಲಿ ನಗು ಹಾಗೇ ಇತ್ತು, ಆದರೆ ಹಿಲ್ಡಾಳ ಭುಜದ ಮೇಲಿದ್ದ ಅವನ ಕೈ ಕೆಳಗಿಳಿಯಿತು. ಇನ್ನೊಂದು ಗಳಿಗೆಗೆ ಅವನು ಚೇತರಿಸಿಕೊಂಡು ಟೋಪಿ ತೆಗೆದು ಅವಳಿಗೆ ನಮಸ್ಕರಿಸಿದ.

ಹಿಲ್ಡಾ ಚಪ್ಪಾಳೆ ನಿಲ್ಲುವ ತನಕ ಅಲ್ಲೇ ನಿಂತಿದ್ದಳು. ಇಳಿದು ಬಂದು ಲೊರೇನ್‌ಗೆ, "ಕೋಟು ಕೊಡು, ಮನೆಗೆ ಹೋಗೋಣ," ಅಂದಳು.

"ನಾಟಕಕ್ಕಿಂತ ಹೆಚ್ಚು ನಗಿಸಿದ ಹಿಲ್ಡಾ" ಎಂದು ಊರ ಪೇಪರಿನಲ್ಲಿ ಬಂತು, ಫೋಟೋ ಸಮೇತ. ಅವಳು ಮೀನಿನಂಗಡಿಗೆ ಹೋದರೆ ಸಾಲಿನಲ್ಲಿದ್ದವರು ತಿರುಗಿ, "ಇನ್ನೊಂದ್ಸಲ ಹೇಳಿ ಹಿಲ್ಡಾ," ಎಂದರು. ಬಸ್ಸಿನಲ್ಲಿ ಒಬ್ಬ ಮುದುಕ ತನ್ನ ಹೆಂಡತಿಯ ಕಿವಿಗೆ ಹುಸಿ ಏಟು ಹಾಕಿ ತೋರಿಸಿ ನಕ್ಕ, ಅವನ ಹೆಂಡತಿಯೂ ನಕ್ಕಳು. ಹಿಲ್ಡಾ ಹೊರಗೆ ಹೋಗುವುದನ್ನೇ ಬಿಟ್ಟಳು. ಪೇಟೆಯ ಕೆಲಸವೂ ಲೊರೇನ್ ಪಾಲಿಗೆ ಬಂತು.

ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ರೋರಿಯ ಫೋನ್ ಬಂತು. ಟ್ರೆವರ್ ಮಾತಾಡಿ ಬಂದು ಕೂತು, ತಟ್ಟೆಗೆ ಮಾಂಸದ ಚೂರು ಹಾಕಿಕೊಂಡ.

"ಶನಿವಾರ ಇಲ್ಲಿ ಕೊನೇ ಷೋ. ಅಮ್ಮ ಇನ್ನೊಂದ್ಸಲ ಬರಬಹುದಾ ಅಂತ ಕೇಳ್ತಿದಾರೆ. ಅದೇ ಮಾತು ಹೇಳಿದ್ರೆ ಸಾಕಂತೆ."

"ಆ ಜೋಕು ಸೂಪರ್ ಆಗಿತ್ತಜ್ಜಿ," ಅಂದಳು ಮೇಗನ್. "ನೀನೇ ಯೋಚ್ನೆ ಮಾಡಿದ್ದಾ?"

"ಅದು ಜೋಕಲ್ಲ," ಅಂದಳು ಹಿಲ್ಡಾ.

ಮೇಗನ್ ಫೋರ್ಕು ಕೆಳಗಿಟ್ಟಳು. "ಏನಜ್ಜಿ ಹಾಗಂದ್ರೆ?"

"ಅಮ್ಮ, ನೀನು ಊಟ ಮಾಡು," ಅಂದ ಟ್ರೆವರ್. "ಗ್ರೇವಿ ಆರ್ತಿದೆ."

"ಅವರ ಬಾಯಿ ಮುಚ್ಚಿಸ್ಬೇಡ," ಅಂದಳು ಲೊರೇನ್.

"ನಿನಗೇನು ಗೊತ್ತು?"

"ಎಲ್ಲ ಗೊತ್ತು. ನನಗೆ ಹೇಳಿದಾರೆ. ನಿಮ್ಮಪ್ಪ ಹೊಡೆದು ಅವರ ಕಿವಿ ಹೋಯ್ತು. ಊಟ ಮಾಡೋವಾಗ ಹೊಡೆದ್ರು. ನೀನು ಆ ಮನುಷ್ಯನ ಫೋಟೋ ಮೇಲಿನ ಧೂಳು ದಿನಾ ಒರೆಸ್ತೀಯ."

ಟ್ರೆವರ್ ನಗುವ ಹಾಗೆ ಬಾಯಿ ತೆರೆದ. ನಗು ಬರಲಿಲ್ಲ.

"ನಿನಗೆ ಹೇಳಿದ್ಲಾ?" ಅಂದ. "ನನಗೆ ಯಾರೂ ಹೇಳ್ಬೇಕಾಗಿರ್ಲಿಲ್ಲ."

ಹಿಲ್ಡಾ ಕೇಳುವ ಕಿವಿಯನ್ನು ಅವನತ್ತ ತಿರುಗಿಸಿದಳು. "ಏನು?"

"ನಾನು ಮೆಟ್ಟಿಲ ಮೇಲಿದ್ದೆ ಅಮ್ಮ."

"ನೀನು ಮಲಗಿದ್ದೆ."

"ನೀರು ಕುಡಿಯೋಕೆ ಇಳಿದು ಬಂದಿದ್ದೆ. ಬಾಗಿಲು ಪೂರ್ತಿ ಹಾಕಿರ್ಲಿಲ್ಲ." ಅವನು ತಟ್ಟೆಯನ್ನೇ ನೋಡುತ್ತ ಹೇಳಿದ. "ಮಾರನೇ ದಿನದಿಂದ ನಾನು ನಗೋಕೆ ಶುರು ಮಾಡ್ದೆ. ಆರು ವರ್ಷ ನನಗೆ. ಜೋಕು ಅರ್ಥ ಆಗ್ತಿರ್ಲಿಲ್ಲ. ಅವನು ಮಾತು ನಿಲ್ಲಿಸಿದ ತಕ್ಷಣ ನಗ್ತಿದ್ದೆ. ನಾನು ನಕ್ಕರೆ ಅವನು ನಿನ್ನ ಕಡೆ ನೋಡ್ತಿರ್ಲಿಲ್ಲ. ನಾನು ನೋಡ್ಕೊಂಡಿದ್ದೆ ಅದನ್ನ. ಬೇಗ ನಗ್ಬೇಕು, ಜೋರಾಗಿ ನಗ್ಬೇಕು. ಅಷ್ಟೇ."

ಮೇಲಿನ ಕೋಣೆಯಲ್ಲಿ ಯಾರೋ ನಲ್ಲಿ ಬಿಟ್ಟ ಸದ್ದು ಕೇಳಿಸಿತು.

"ಹಾಗಾದ್ರೆ ಮೊನ್ನೆ ಯಾಕೆ ನಕ್ಕೆ ಅಪ್ಪ?" ಮೇಗನ್ ಕೇಳಿದಳು. "ಅಜ್ಜಿ ಅಲ್ಲಿ ನಿಂತು ಹೇಳಿದಾಗ?"

"ನಿಲ್ಲಿಸೋಕೆ ಬರಲ್ಲ ನನಗೆ."

ಲೊರೇನ್ ಅವನ ಬೆನ್ನ ಮೇಲೆ ಕೈಯಿಡಲು ಹೋದಳು. ಹಿಲ್ಡಾ ಮಾತ್ರ ಕರಗಲಿಲ್ಲ. ಅವಳ ಮುಖ ಕೆಂಪಾಗಿತ್ತು.

"ನೀನು ಅವನ ಪಕ್ಷ ಅಂದ್ಕೊಂಡಿದ್ದೆ," ಅಂದಳು. "ಇಷ್ಟು ವರ್ಷ ಹಾಗೇ ಅಂದ್ಕೊಂಡಿದ್ದೆ. ಪಾಪ, ಏನೂ ಗೊತ್ತಿಲ್ಲ, ಅಪ್ಪನ್ನ ಪ್ರೀತಿಸ್ತಾನೆ, ಇರ್ಲಿ ಅಂತ ಬಾಯಿ ಕಟ್ಕೊಂಡಿದ್ದೆ. ನಿನಗೆ ಗೊತ್ತಿತ್ತು. ಗೊತ್ತಿದ್ದೂ ಮನೆ ತುಂಬ ಅವನ ಮುಖ ತಗಲಿಹಾಕ್ದೆ. ಗೊತ್ತಿದ್ದೂ ನನ್ನ ಅಲ್ಲಿಗೆ ಹತ್ತಿಸ್ದೆ."

"ಚಿಕ್ಕವನಿದ್ದೆ ಅಮ್ಮ."

"ಮೊನ್ನೆ ಚಿಕ್ಕವನಿರ್ಲಿಲ್ಲ."

ತಟ್ಟೆ ಎತ್ತಿಕೊಂಡು ಅವಳು ತನ್ನ ಕೋಣೆಗೆ ಹೋದಳು. ಅಂದಿನಿಂದ ಅಲ್ಲೇ ಊಟ. ಲೊರೇನ್ ಟ್ರೇ ತೆಗೆದುಕೊಂಡು ಹೋಗಿ ಕೊಡುತ್ತಿದ್ದಳು. ಟ್ರೆವರ್ ಕೊಂಡೊಯ್ದರೆ ಅದು ಮುಟ್ಟದೆ ಹಾಗೇ ವಾಪಸ್ಸು ಬರುತ್ತಿತ್ತು. ಅವನು ಒಂದೆರಡು ಸಲ ಪ್ರಯತ್ನಿಸಿ ಬಿಟ್ಟ.

ಊಟದ ಕೋಣೆಯ ಫೋಟೋಗಳನ್ನೆಲ್ಲ ಅವನು ಇಳಿಸಿದ. ಅವು ಇದ್ದಲ್ಲಿ ಗೋಡೆಗೆ ಅಂಟಿಸಿದ್ದ ಬಣ್ಣದ ಕಾಗದ ಬೆಳ್ಳಗೆ ಚೌಕಚೌಕವಾಗಿ ಉಳಿಯಿತು. ಬಂದ ಜನ ಅದನ್ನು ನೋಡಿ, "ಬಣ್ಣ ಹೊಡೆಸ್ತಿದೀರಾ?" ಎಂದು ಕೇಳಿದರೆ, "ಹೌದು," ಅನ್ನುತ್ತಿದ್ದ. ಬೆಳಗಿನ ಜೋಕುಗಳೂ ನಿಂತವು. ರೋಚ್‌ಡೇಲ್‌ನಿಂದ ಪ್ರತಿ ವರ್ಷ ಬರುತ್ತಿದ್ದ ದಂಪತಿ, ಈ ಸಲ ಮನೆ ಮೊದಲಿನ ಹಾಗಿಲ್ಲವೆಂದು ಲೊರೇನ್‌ಗೆ ಹೇಳಿಯೇ ಹೋದರು.

ಜುಲೈ ಕೊನೆಗೆ ಮೇಗನ್‌ಳ ಗೆಳತಿಯೊಬ್ಬಳು ಬೇರೆ ಊರಿನಲ್ಲಿ ನಾಟಕ ನೋಡಿ ಬಂದಳು. ಅವಳು ಹೇಳಿದ್ದನ್ನು ಕೇಳಿ ಮೇಗನ್ ಕೆಲಸದ ಜಾಗದಿಂದಲೇ ರೋರಿಗೆ ಫೋನ್ ಮಾಡಿದಳು. ಮನೆಗೆ ಬಂದವಳು ಬ್ಯಾಗನ್ನೂ ಕೆಳಗಿಡದೆ ಅಡುಗೆಮನೆಗೆ ನುಗ್ಗಿದಳು.

"ಅಜ್ಜಿ ಮಾತನ್ನ ನಾಟಕಕ್ಕೆ ಸೇರಿಸ್ಕೊಂಡಿದಾರೆ," ಅಂದಳು ಅಪ್ಪ ಅಮ್ಮನಿಗೆ. "ಅದು ನಿಜ, ಜೋಕಲ್ಲ ಅಂತ ಹೇಳ್ದೆ. ಅದಕ್ಕೆ ಅವನು ಏನಂದ ಗೊತ್ತಾ? 'ನನಗೆ ಅವತ್ತೇ ಗೊತ್ತಾಯ್ತು. ನಾನು ಪಕ್ಕದಲ್ಲೇ ಇದ್ನಲ್ಲ. ಆದ್ರೆ ಜನ ನಗ್ತಾರೆ. ನಾವು ಪ್ರೀತಿಯಿಂದಾನೇ ಮಾಡ್ತಿದೀವಿ' ಅಂತ."

"ಯಾರ ಕೈಲಿ ಹೇಳಿಸ್ತಾನೆ?" ಲೊರೇನ್ ಕೇಳಿದಳು. "ನಾಟಕದಲ್ಲಿ ಹೆಂಗಸರೇ ಇಲ್ವಲ್ಲ."

ಮೇಗನ್‌ಗೆ ಅದು ಸರಿಯಾಗಿ ಗೊತ್ತಿರಲಿಲ್ಲ. ಟ್ರೆವರ್ ಎದ್ದು ಕ್ಯಾಲೆಂಡರ್ ನೋಡಿದ. "ಬುಧವಾರ ಸೌತ್‌ಪೋರ್ಟ್‌ನಲ್ಲಿ ಮಧ್ಯಾಹ್ನದ ಷೋ ಇದೆ," ಅಂದ. "ನಾನು ಹೋಗ್ತೀನಿ."

"ನಾನೂ ಬರ್ತೀನಿ," ಅಂದಳು ಮೇಗನ್.

ಸೌತ್‌ಪೋರ್ಟಿನಲ್ಲಿ ಅವರಿಗೆ ಸಿಕ್ಕಿದ್ದು ಹಿಂದಿನ ಸಾಲು. ಅದೇ ಕನ್ನಡಿ, ಅದೇ ದೀಪಗಳು, ಅದೇ ವಯಸ್ಸಿನ ಜನ. ಬೊಂಬೆ ಬೈದಿತು, ಇಸ್ಪೀಟು ಉದುರಿತು. ಆಮೇಲೆ ರೋರಿ ಟೋಪಿ ಇಟ್ಟ. ಹಳೆಯ ಆಟ ಪೂರ್ತಿ ಆಡಿದ. "ಏನಂದ್ರೀ?" ಎಂದು ಜನ ಕೂಗಿ ಸುಮ್ಮನಾದ ಮೇಲೆ, ಒಂದು ಹೆಜ್ಜೆ ಮುಂದೆ ಬಂದು ಗುಟ್ಟು ಹೇಳುವವನ ಹಾಗೆ ಬಗ್ಗಿದ.

"ಎಲ್ಲರೂ ಕೇಳ್ತಾರೆ, 'ಲೆನ್, ನಿನ್ನ ಹೆಂಡತಿ ಕಿವಿಗೆ ಏನಾಯ್ತು?' ಏನಿಲ್ಲ ಸ್ವಾಮಿ. ನನ್ನ ಜೋಕಿಗೆ ನಗಲಿಲ್ಲ, ಒಂದು ಬಾರಿಸ್ದೆ." ತಡೆದು, ಜನರತ್ತ ಬೆರಳು ತೋರಿಸಿದ. "ನೀವು ನಗೋದು ಒಳ್ಳೇದು."

ಜನ ನಕ್ಕರು.

ಟ್ರೆವರ್ ಎದ್ದು ನಿಂತ. ಮೇಗನ್ ಅವನ ತೋಳು ಹಿಡಿಯಲು ಹೋಗಿ ಬಿಟ್ಟಳು.

"ಅದು ನಿಜ!" ಟ್ರೆವರ್ ಕೂಗಿದ. ದನಿ ಒಡೆದಿತ್ತು. "ಅವನು ನಮ್ಮಪ್ಪ. ನಮ್ಮಮ್ಮನಿಗೆ ಹೊಡೆದಿದ್ದು ನಾನು ನೋಡಿದೀನಿ. ಮೆಟ್ಟಿಲ ಮೇಲೆ ನಿಂತು ನೋಡಿದೀನಿ. ನಗಬೇಡಿ!"

ಅಷ್ಟೂ ಜನ ಕುರ್ಚಿಯಲ್ಲಿ ಹಿಂದಕ್ಕೆ ತಿರುಗಿದರು. ಕತ್ತಲಲ್ಲಿ ನಿಂತ ದೊಡ್ಡ ಆಳು ಅವರಿಗೆ ಕಾಣಿಸಿದ. ಎಲ್ಲೋ ಮುಂದಿನ ಸಾಲಿನಲ್ಲಿ ಒಬ್ಬಳು ಮುದುಕಿ, ಇದೂ ನಾಟಕವೇ ಎಂದುಕೊಂಡು, ಕೈಯನ್ನು ಕಿವಿಯ ಹಿಂದೆ ಹಿಡಿದು "ಏನಂದ್ರೀ?" ಎಂದಳು. ಅವಳ ಪಕ್ಕದವರೂ ಎಂದರು. ಆಮೇಲೆ ಥಿಯೇಟರೆಲ್ಲ ಅವನತ್ತ ತಿರುಗಿ, ಕೈ ಕಿವಿಯ ಹಿಂದಿಟ್ಟು, ನಗುತ್ತ ಕೂಗಿತು.

"ಏನಂದ್ರೀ?"

ರೋರಿ ಸ್ಟೇಜಿನ ಮೇಲೆ ಕೈ ಇಳಿಬಿಟ್ಟು ನಿಂತಿದ್ದ. ಥಿಯೇಟರಿನ ಹುಡುಗಿಯೊಬ್ಬಳು ಬ್ಯಾಟರಿ ಹಿಡಿದು ಬಂದು, "ಬನ್ನಿ ಸರ್, ಹೊರಗೆ ಹೋಗೋಣ," ಎಂದು ಟ್ರೆವರ್‌ನನ್ನು ಮೆಲ್ಲಗೆ ಕರೆದುಕೊಂಡು ಹೋದಳು. ಬಾಗಿಲು ಮುಚ್ಚುವಾಗ ಒಳಗೆ ಚಪ್ಪಾಳೆ ಕೇಳಿಸುತ್ತಿತ್ತು.

ವಾಪಸ್ಸು ಬರುವಾಗ ಕಾರನ್ನು ಮೇಗನ್‌ಳೇ ಓಡಿಸಿದಳು. ಮನೆ ತಲುಪಿದಾಗ ಕುರಿಮಾಂಸ, ಆಲೂಗಡ್ಡೆಯ ಹಾಟ್‌ಪಾಟ್ ಓವನ್ನಿನಲ್ಲಿ ಬೇಯುತ್ತಿತ್ತು. ಲೊರೇನ್ ಗಂಡನ ಮುಖ ನೋಡಿ ಕುರ್ಚಿ ಎಳೆದುಕೊಟ್ಟಳು. ಅವನು ಕೂರಲಿಲ್ಲ. ನೇರ ಹಿಂದಿನ ಕೋಣೆಗೆ ಹೋಗಿ ಬಾಗಿಲು ತಟ್ಟಿದ. ಬಾಗಿಲು ತೆರೆದು ಹೊಸ್ತಿಲಲ್ಲೇ ನಿಂತ.

ಹಿಲ್ಡಾ ಮಂಚದ ಮೇಲೆ ಕೂತು ಒಗೆದ ಬಟ್ಟೆಗಳನ್ನು ಮಡಿಸಿಡುತ್ತಿದ್ದಳು. ಅವನನ್ನು ನೋಡಿದಳು. ಹೋಗು ಅನ್ನಲಿಲ್ಲ.

"ಆ ಮಾತನ್ನ ಅವನ ಬಾಯಲ್ಲಿ ಹೇಳಿಸ್ತಿದಾರೆ ಅಮ್ಮ," ಅಂದ ಟ್ರೆವರ್. "ಅಪ್ಪನೇ ಹೇಳೋ ಹಾಗೆ. ನಾನು ಎದ್ದು ನಿಂತು ಹೇಳ್ದೆ, ನಿಜ ಅಂತ. ನಾನು ನೋಡಿದೀನಿ ಅಂತ ಎಲ್ಲರ ಮುಂದೆ ಹೇಳ್ದೆ."

"ನಕ್ಕರಾ?"

"ನಕ್ಕರು."

"ಎಲ್ಲರೂ?"

"ಎಲ್ಲರೂ."

ಹಿಲ್ಡಾ ದಿಂಬಿನ ಹೊದಿಕೆಯೊಂದನ್ನು ತೊಡೆಯ ಮೇಲೆ ಹರವಿ ಅಂಗೈಯಿಂದ ಸುಕ್ಕು ಒತ್ತಿದಳು.

"ನೀನು?"

"ಇಲ್ಲಮ್ಮ," ಅಂದ ಟ್ರೆವರ್. "ನಾನು ನಗಲಿಲ್ಲ."

ಅವಳು ಬಹಳ ಹೊತ್ತು ಅವನ ಮುಖ ನೋಡಿದಳು. ಆಮೇಲೆ ಮಂಚದ ಮೇಲಿದ್ದ ಬಟ್ಟೆಗಳನ್ನು ಒಂದು ಬದಿಗೆ ಸರಿಸಿ ಜಾಗ ಮಾಡಿದಳು. ಟ್ರೆವರ್ ಬಂದು ಕೂತ. ಅವನ ಕೈಗೆ ಒದ್ದೆ ಆರದ ಚಾದರದ ಒಂದು ತುದಿ ಕೊಟ್ಟಳು. ಇನ್ನೊಂದು ತುದಿ ತಾನು ಹಿಡಿದಳು. ಇಬ್ಬರೂ ಕೂತಲ್ಲೇ ಅದನ್ನು ಎಳೆದು ನೇರ ಮಾಡತೊಡಗಿದರು.